ಕರವೀರ: ಹೆಸರು ಹಳತ್ತು, ಸೆಸಿ ಹೊಸತ್ತು



ನಮ್ಮ ಹೊಡೆಣ ಹಳೆ ಮನೆಗಳ ಜಾಲಕರೆಲಿ ದಾಸವಾಳ, ಕೇಪುಳ, ನಂದಿಬಟ್ಲು ಇದ್ದ ಹಾಂಗೆ ಹಳದಿ ಕರವೀರವುದೆ ಇಕ್ಕು. ಉದಿಯಪ್ಪಗ ಮಿಂದಿಕ್ಕಿ ಹೂಗಿನ ಕುರುವೆ ತೆಕ್ಕೊಂಡು ಹೆರ ಹೋದರೆ ಬೇರೆ ಹೂಗು ಸಿಕ್ಕದ್ರೂ ಕರವೀರ ನಾಲ್ಕಾದರೂ ಸಿಕ್ಕುಗು. ಮಳೆಗಾಲ ಇರಳಿ, ಬೇಸಗೆ ಇರಳಿ, ಅದು ದೇವರಿಂಗೆ ಕಮ್ಮಿ ಮಾಡ್ತಿಲ್ಲೆ. ಶಿವಪೂಜೆಗೆ ಅದುವೇ ಆಯೆಕ್ಕು ಹೇಳುವೋರು ನಮ್ಮಲ್ಲಿ ಸುಮಾರು ಜೆನ ಇದ್ದವು.

ಇಷ್ಟು ಸಮಾಧಾನಲ್ಲಿ ಇದ್ದ ಸೆಸಿಗೆ 2024ಲ್ಲಿ ಕಷ್ಟಕಾಲ ಬಂತು. ಕೇರಳಲ್ಲಿ ಒಂದು ಪ್ರಾಯದ ಕೂಸು ಅರಳಿಯ ಬಾಯಿಗೆ ಹಾಕಿದ್ದರಿಂದ ತೀರಿಹೋದ್ದು ಹೇಳುವ ಸಂಶಯದ ಸುದ್ದಿ ಪೇಪರಿಲಿ ಬಂತು. ಅದರ ಬೆನ್ನಿಂಗೇ, ಮೇ ತಿಂಗಳಿಲಿ, ತಿರುವಾಂಕೂರು ದೇವಸ್ವಂ ಬೋರ್ಡುದೆ ಮಲಬಾರ್ ದೇವಸ್ವಂ ಬೋರ್ಡುದೆ ಇನ್ನು ನೈವೇದ್ಯಕ್ಕೆ, ಪ್ರಸಾದಕ್ಕೆ ಅರಳಿ ಹೂಗು ಬೇಡ ಹೇಳಿ ತೀರ್ಮಾನ ಮಾಡಿದವು. ಕಾಸರಗೋಡು ಹೊಡೆಣ ದೇವಸ್ಥಾನಂಗೊಕ್ಕೂ ಈ ಮಾತು ಬಂದ ಕಾರಣ ಸುದ್ದಿ ನಮ್ಮ ಮನೆಮನೆಗೂ ಎತ್ತಿತ್ತು.

ಒಂದು ವಿಷಯ ಸುರುವಿಂಗೇ ಹೇಳ್ತೆ. ಮಲಯಾಳದ ಅರಳಿ ಹೇಳಿರೆ ನಮ್ಮ ಅರಳಿಮರ ಅಲ್ಲ, ಅಶ್ವತ್ಥಕ್ಕೂ ಇದಕ್ಕೂ ಸಂಬಂಧ ಇಲ್ಲೆ. ಅವು ಅರಳಿ ಹೇಳುದು ಕಣಗಿಲೆಗೆ. ನಮ್ಮ ಹಳದಿ ಕರವೀರಕ್ಕೆ ಅಲ್ಲಿ ಮಞ್ಞ ಅರಳಿ, ಹಳದಿ ಅರಳಿ, ಹೇಳ್ತವು. ಹಾಂಗಾಗಿ ಫೋನಿಲಿ ಎನ್ನ ಹತ್ತರೆ ಕೇಳಿದ ಅಕ್ಕಂದ್ರೆಲ್ಲ ಒಂದೇ ಪ್ರಶ್ನೆ ಕೇಳಿದವು. “ನಮ್ಮ ಕರವೀರ ಕಡಿಯೆಕ್ಕೋ? ಅಜ್ಜಿಯಕ್ಕೊ ಎಲ್ಲ ಇಷ್ಟು ವರ್ಷ ದೇವರಿಂಗೆ ಹಾಕಿದ್ದು ತಪ್ಪೋ?” ಕೆಲವು ಮನೆಲಿ ಕೇಳುವ ಮದಲೇ ಕಡುದೂ ಆಗಿತ್ತು.

ಇದಕ್ಕೆ ಅಪ್ಪು, ಅಲ್ಲ ಹೇಳಿ ಒಂದು ಶಬ್ದಲ್ಲಿ ಉತ್ತರ ಕೊಡ್ಲೆ ಎಡಿಯ. ಈ ಸೆಸಿ ಆರು, ಎಲ್ಲಿಂದ ಬಂತು ಹೇಳಿ ಗೊಂತಾದರೆ ಉತ್ತರ ತನ್ನಷ್ಟಕ್ಕೇ ಸಿಕ್ಕುತ್ತು. ಆನು ಓದಿದ್ದು ಪಿಯುಸಿ ವರೆಗೆ ಮಾಂತ್ರ. ಆದರೆ ಪುಸ್ತಕ ಓದುವ ಮರುಳು ಇದ್ದು. ಓದಿ ಗೊಂತಾದ್ದರ ಇಲ್ಲಿ ಹೇಳ್ತೆ.

ಎರಡು ಕರವೀರ

ನಾವು ಕರವೀರ ಹೇಳಿ ಒಂದೇ ಹೆಸರಿಲಿ ದಿನಿಗೇಳುದು ಎರಡು ಬೇರೆ ಬೇರೆ ಸೆಸಿಗಳ.

ಒಂದು ಕೆಂಪು, ಬಿಳಿ, ಗುಲಾಬಿ ಬಣ್ಣದ ಹೂಗು ಅಪ್ಪ ಕರವೀರ. ಕನ್ನಡಲ್ಲಿ ಕಣಗಿಲೆ ಹೇಳುದು ಇದಕ್ಕೆ. ಗೆಲ್ಲಿನ ಒಂದೊಂದು ಗೆಣ್ಣಿಲಿ ಮೂರು ಮೂರು ಎಲೆ ಒಟ್ಟಿಂಗೆ ಇಕ್ಕು. ಹೂಗು ಗೊಂಚಲು ಗೊಂಚಲಾಗಿ ಆವ್ತು. ಕಾಯಿ ಉದ್ದ ಕೋಡಿನ ಹಾಂಗೆ, ಒಡದರೆ ಒಳ ಹತ್ತಿಯ ಹಾಂಗಿಪ್ಪ ಬೀಜ. ಮೆಡಿಟರೇನಿಯನ್ ಸಮುದ್ರದ ಕರೆಂದ ಹಿಡುದು ನಮ್ಮ ಏಷ್ಯಾ ವರೆಗೆ ಇದು ಹಳೆಕಾಲಂದಲೇ ಇದ್ದು.

ಇನ್ನೊಂದು ಹಳದಿ ಕರವೀರ. ಇದರ ಎಲೆ ಮೂರು ಮೂರಾಗಿ ಇರ, ಒಂದೊಂದೇ ಸುತ್ತಿಗೊಂಡು ಬತ್ತು. ಹೂಗು ಗಂಟೆಯ ಹಾಂಗೆ. ಹಸಿರು ಕಾಯಿ, ಹಣ್ಣಪ್ಪಗ ಕಪ್ಪು. ಒಳ ಕಲ್ಲಿನ ಹಾಂಗೆ ಗಟ್ಟಿ ಚಿಪ್ಪು, ಚಿಪ್ಪಿನ ಒಳ ಬೀಜ. ಗೆಲ್ಲು ಮುರುದರೆ ಬೆಳೀ ಹಾಲು ಸುರಿತ್ತು. ಹಳದಿ ಮಾಂತ್ರ ಅಲ್ಲ, ಬಿಳಿಯೂ ತೆಳು ಕೇಸರಿಯೂ ಇದ್ದು.

ಎರಡುದೆ ಒಂದೇ ಕುಟುಂಬದ್ದು. ನಂದಿಬಟ್ಲು, ಹಾಲೆಮರ, ದೇವಗಣಗಿಲೆ ಎಲ್ಲ ಇದೇ ಕುಟುಂಬ. ಆದರೆ ಹಳೆ ಪುಸ್ತಕಲ್ಲಿ ಬಪ್ಪ ಕರವೀರ ಯೇವದು? ಅದು ಕೆಂಪು, ಬಿಳಿ ಹೂಗಿಂದು. ನಮ್ಮ ಹಳದಿಯದ್ದು ಅಲ್ಲ.

ಅಮರಕೋಶಲ್ಲಿ ಕರವೀರಕ್ಕೆ ಹಯಮಾರಕ ಹೇಳುವ ಹೆಸರು ಇದ್ದು. ಹಯ ಹೇಳಿರೆ ಕುದುರೆ. ಕುದುರೆಯನ್ನೇ ಕೊಲ್ಲುವಂಥದ್ದು ಹೇಳಿ ಅರ್ಥ. ಸುಶ್ರುತಸಂಹಿತೆಲಿ ವಿಷಂಗಳ ವಿಷಯ ಹೇಳುವ ಕಲ್ಪಸ್ಥಾನ ಇದ್ದು. ಅಲ್ಲಿ ಬೇರಿಲಿ ವಿಷ ಇಪ್ಪ ಸೆಸಿಗಳ ಪಟ್ಟಿಲಿ ಅಶ್ವಮಾರ ಇದ್ದು, ಅದುದೆ ಇದುವೇ. ಹಾಂಗಾರೆ ಕರವೀರಲ್ಲಿ ವಿಷ ಇದ್ದು ಹೇಳುದು 2024ಲ್ಲಿ ಗೊಂತಾದ್ದಲ್ಲ. ಹೆಸರಿಲಿಯೇ ಬರದು ಮಡಗಿದ್ದವು. ನಾವು ಹೆಸರಿನ ಅರ್ಥ ಮರದ್ದು, ಅಷ್ಟೆ.

ಕೊಲ್ಲಾಪುರಕ್ಕೆ ಕರವೀರ ಹೇಳಿ ಹಳೆ ಹೆಸರು. ಅಲ್ಲಿಯಾಣ ಮಹಾಲಕ್ಷ್ಮಿಯ ಕರವೀರನಿವಾಸಿನಿ ಹೇಳ್ತವು. ಇಂದಿಂಗೂ ಅಲ್ಲಿಯ ಒಂದು ತಾಲೂಕಿನ ಹೆಸರು ಕರವೀರ. ನಮ್ಮ ಹತ್ತರೆ ಇಪ್ಪ ಕೇರಳಲ್ಲಿ, ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್ 1678ರಿಂದ 1693ರ ವರೆಗೆ 12 ಸಂಪುಟಲ್ಲಿ ಹೊರ್ಟುಸ್ ಮಲಬಾರಿಕುಸ್ ಹೇಳುವ ದೊಡ್ಡ ಸಸ್ಯಪುಸ್ತಕ ಅಚ್ಚು ಹಾಕಿಸಿದವು. ಇಟ್ಟಿ ಅಚ್ಯುದನ್ ಹೇಳುವ ವೈದ್ಯರುದೆ, ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಹೇಳುವ ಮೂರು ಜೆನ ಕೊಂಕಣಿ ಪಂಡಿತರುದೆ ಅದಕ್ಕೆ ಸಹಾಯ ಮಾಡಿದವು. ಅದರ 9ನೇ ಸಂಪುಟಲ್ಲಿ ಕೆಂಪು ಅರಳಿ, ಬಿಳಿ ಅರಳಿ ಎರಡರ ಚಿತ್ರವುದೆ ಇದ್ದು.

ಹೊಸ ಸೆಸಿಗೆ ನೆರೆಕರೆಯ ಹೆಸರು

ಹಳದಿ ಕರವೀರದ ಅಪ್ಪನ ಮನೆ ಅಮೆರಿಕ. ಮೆಕ್ಸಿಕೋ, ಮಧ್ಯ ಅಮೆರಿಕ ಅದರ ಮೂಲ. ಕೊಲಂಬಸ್ ಆ ಹೊಡೆಂಗೆ ಎತ್ತಿದ್ದು 1492ಲ್ಲಿ, ವಾಸ್ಕೋ ಡ ಗಾಮ ನಮ್ಮ ಕರಾವಳಿಗೆ ಬಂದದ್ದು 1498ಲ್ಲಿ. ಅದರಿಂದ ಮತ್ತೆಯೇ ಅಮೆರಿಕದ ಸೆಸಿಗೊ ಒಂದೊಂದಾಗಿ ಹಡಗು ಹತ್ತಿದ್ದು. ಅಮರಕೋಶ, ಸುಶ್ರುತಸಂಹಿತೆ ಎಲ್ಲ ಅದರಿಂದ ಎಷ್ಟೋ ಹಿಂದಾಣದ್ದು. ಅವು ಹೇಳಿದ ಕರವೀರ ಹಳದಿಯದ್ದು ಅಪ್ಪಲೆ ಸಾಧ್ಯವೇ ಇಲ್ಲೆ.

ಇದಕ್ಕೆ ನಮ್ಮ ಭಾಷೆಗಳೇ ಸಾಕ್ಷಿ ಹೇಳ್ತವು. ಹಿಂದಿಲಿ ಪೀಲೀ ಕನೇರ್, ತೆಲುಗಿಲಿ ಪಚ್ಚ ಗನ್ನೇರು, ತಮಿಳಿಲಿ ಮಂಜಳ್ ಅರಳಿ, ಕನ್ನಡಲ್ಲಿ ಹಳದಿ ಕಣಗಿಲೆ. ಎಲ್ಲಿ ಹೋದರೂ ಹಳದಿ ಹೇಳುವ ಶಬ್ದವ ಕಣಗಿಲೆಯ ಹೆಸರಿಂಗೆ ಅಂಟುಸಿದ್ದದು. ಮದಲೇ ಇದ್ದ ಸೆಸಿಗೆ ಸ್ವಂತ ಹೆಸರು ಇರ್ತು. ಹೊಸತ್ತಾಗಿ ಬಂದದಕ್ಕೆ ನೆರೆಕರೆಯೋರ ಹೆಸರು ಸಿಕ್ಕುತ್ತು. ಬಂಗಾಳಿಗೊ ಮಾಂತ್ರ ಅದಕ್ಕೆ ಕೊಲ್ಕೆ ಫೂಲ್ ಹೇಳಿದವು. ಕೊಲ್ಕೆ ಹೇಳಿರೆ ಹುಕ್ಕದ ಚಿಲುಮೆ, ಹೂಗು ಹಾಂಗೇ ಕಾಣ್ತಲ್ಲದಾ!

ಇದು ಕರವೀರಕ್ಕೆ ಮಾಂತ್ರ ಆದ್ದಲ್ಲ. ದೇವಗಣಗಿಲೆಯುದೆ ಅಮೆರಿಕಂದ ಬಂದದು. ಅದಕ್ಕೂ ಕಣಗಿಲೆಯ ಹೆಸರೇ ಸಿಕ್ಕಿದ್ದು. ಇನ್ನು ನಮ್ಮ ಅಡಿಗೆಕೋಣೆಯನ್ನೇ ನೋಡಿ. ಮದಲು ಮೆಣಸು ಹೇಳಿರೆ ಬಳ್ಳಿಲಿ ಅಪ್ಪ ಕಪ್ಪು ಮೆಣಸೇ. ಅಮೆರಿಕಂದ ಕೆಂಪು ಮೆಣಸು ಬಂದು ಆ ಹೆಸರಿನ ಹಿಡ್ಕೊಂಡತ್ತು. ಹಳೆ ಮೆಣಸಿಂಗೆ ನಾವು ಈಗ ಒಳ್ಳೆಮೆಣಸು ಹೇಳಿ ಬೇರೆ ಹೇಳೆಕ್ಕಾವ್ತು. ಬಂದ ಸೊಸೆ ಮನೆ ಯಜಮಾನ್ತಿ ಆದ ಹಾಂಗೆ! ಕರವೀರಲ್ಲಿ ಆದ್ದುದೆ ಇದುವೇ. ಈಗ ನಮ್ಮ ಮಕ್ಕಳ ಹತ್ತರೆ ಕರವೀರ ಕೊಯ್ಕೊಂಡು ಬಾ ಹೇಳಿರೆ ಹಳದಿಯದ್ದನ್ನೇ ತಪ್ಪದು.

ಹೆರಂದ ಬಂದದ್ದು ದೇವರಿಂಗೆ ಅಕ್ಕೋ ಹೇಳಿ ಆರಾದರೂ ಕೇಳಿರೆ ಎನ್ನ ಉತ್ತರ ಇಷ್ಟೇ. ಗೊಂಡೆ ಹೂಗುದೆ ಮೆಕ್ಸಿಕೋದ್ದೇ. ಅನನಾಸು, ಪೇರಳೆ, ಗೇರುಬೀಜ ಎಲ್ಲವುದೆ ಅಮೆರಿಕದ್ದು. ಗೇರುಬೀಜ ಹಾಕಿದ ಪಾಯಸ ನೈವೇದ್ಯಕ್ಕೆ ಆವುತ್ತು ಹೇಳಿ ಆದರೆ ಹಳದಿ ಕರವೀರದ ಊರು ಕೇಳಿ ಹಿಂದೆ ಕಳುಸುಲೆ ಕಾರಣ ಇಲ್ಲೆ. ಪ್ರಶ್ನೆ ಇಪ್ಪದು ಊರಿಂದಲ್ಲ, ವಿಷದ್ದು.

ಗೆಜ್ಜೆಯುದೆ ವಿಷವುದೆ

ಈ ಸೆಸಿಗೆ ಶಾಸ್ತ್ರದ ಹೆಸರು ಬಂದ ಕತೆ ಚೆಂದ ಇದ್ದು.

ಫ್ರಾನ್ಸಿಲಿ ಆಂದ್ರೆ ತೆವೆ ಹೇಳಿ ಒಬ್ಬ ಕ್ರೈಸ್ತ ಸನ್ಯಾಸಿ ಇತ್ತಿದ್ದ°. 1555ಲ್ಲಿ ಫ್ರೆಂಚರ ಹಡಗಿಲಿ ಬ್ರೆಜಿಲಿಂಗೆ ಹೋದ°. ಅಲ್ಲಿ ಇದ್ದದು ಮೂರು ತಿಂಗಳೂ ಪೂರ ಅಲ್ಲ, 1556ರ ಜನವರಿ ಅಕೇರಿಗೆ ಹೆರಟು ಊರಿಂಗೆ ಬಂದ°. ಆದರೆ ಅಷ್ಟರಲ್ಲಿ ನೋಡಿದ್ದು, ಕೇಳಿದ್ದು ಎಲ್ಲ ಸೇರ್ಸಿ ಒಂದು ದೊಡ್ಡ ಪುಸ್ತಕವನ್ನೇ ಬರದ°. ಅದರ್ಲಿ ಅಲ್ಲಿಯಾಣ ಜೆನಂಗೊ ಅಹೌಯಿ ಹೇಳುವ ಒಂದು ಸೆಸಿಯ ವಿಷಯ ಇದ್ದು. ಹಣ್ಣು ಭಾರೀ ವಿಷ. ಆದರೆ ಒಳಾಣ ಗಟ್ಟಿ ಚಿಪ್ಪಿನ ಒಣಗುಸಿ, ಪೋಣುಸಿ ಕಾಲಿಂಗೆ ಕಟ್ಟಿಗೊಂಡು ಕೊಣಿತ್ತವು ಹೇಳಿ ಅವ° ಬರದ್ದ°. ನಮ್ಮ ಗೆಜ್ಜೆಯ ಹಾಂಗೆ! ಅಹೌಯಿ ನಮ್ಮ ಹಳದಿ ಕರವೀರವೇ ಅಲ್ಲ, ಅದರ ತಂಗೆ. ಕಾಯಿ, ಚಿಪ್ಪು, ವಿಷ ಎಲ್ಲ ಒಂದೇ ನಮೂನೆ.

ಮತ್ತೆ ಸುಮಾರು ಇನ್ನೂರು ವರ್ಷ ಕಳುದ ಮೇಲೆ ಸ್ವೀಡನ್ನಿನ ಲಿನೇಯಸ್ ಎಲ್ಲ ಸೆಸಿಗೊಕ್ಕೆ ಎರಡೆರಡು ಶಬ್ದದ ಹೆಸರು ಮಡಗಿದ°. 1753ಲ್ಲಿ ಹಳದಿ ಕರವೀರಕ್ಕೆ ಸಿಕ್ಕಿದ ಹೆಸರು ಸೆರ್ಬೆರಾ ತೆವೆಶಿಯಾ. ತೆವೆಶಿಯಾ ಹೇಳುದು ಆ ಸನ್ಯಾಸಿಯ ನೆಂಪಿಂಗೆ. ಸೆರ್ಬೆರಾ? ಗ್ರೀಕರ ಕತೆಲಿ ಸತ್ತೋರ ಲೋಕದ ಬಾಗಿಲು ಕಾವ ಮೂರು ತಲೆಯ ನಾಯಿ ಇದ್ದು, ಸೆರ್ಬೆರಸ್ ಹೇಳಿ. ನಮ್ಮ ಯಮಂಗೆ ಎರಡು ನಾಯಿಗೊ ಇದ್ದ ಹಾಂಗೆ. ವಿಷ ಇಪ್ಪ ಕಾರಣ ಸೆಸಿಗೆ ಯಮನ ನಾಯಿಯ ಹೆಸರು ಬಿದ್ದತ್ತು!

ಅಲ್ಲಿಂದ ಮತ್ತೆ ಹೆಸರು ಸುಮಾರು ಸರ್ತಿ ಬದಲಿತ್ತು. ತೆವೆಶಿಯಾ ಪೆರುವಿಯಾನಾ ಹೇಳಿ ಸುಮಾರು ಕಾಲ ನೆಡದತ್ತು. ಕಾಲೇಜಿನ ಪುಸ್ತಕಂಗಳಲ್ಲಿ ಈಗಳೂ ಕಾಂಗು. 1980ಲ್ಲಿ ಕ್ಯಾಸ್ಕಬೆಲಾ ತೆವೆಶಿಯಾ ಹೇಳಿ ಆತು. ಈಗಾಣ ಸರಿಯಾದ ಹೆಸರು ಇದುವೇ. ಕ್ಯಾಸ್ಕಬೆಲ್ ಹೇಳಿರೆ ಸ್ಪ್ಯಾನಿಷ್ ಭಾಷೆಲಿ ಎಂತ ಗೊಂತಿದ್ದಾ? ಗೆಜ್ಜೆ! ಯಮನ ನಾಯಿ ಹೋಗಿ ಗೆಜ್ಜೆ ಬಂತು. ಆದರೆ ವಿಷ ಹೋಯಿದಿಲ್ಲೆ. ಆ ವಿಷಕ್ಕೆ ತೆವೆಟಿನ್ ಹೇಳಿ ಹೆಸರು. ಪಾಪ, ಸನ್ಯಾಸಿಯ ಹೆಸರು ಸೆಸಿಗೂ ಆತು, ವಿಷಕ್ಕೂ ಆತು.

ಆ ವಿಷ ಎಂತ ಮಾಡ್ತು?

1785ಲ್ಲಿ ಇಂಗ್ಲೆಂಡಿನ ವಿದರಿಂಗ್ ಹೇಳುವ ಡಾಕ್ಟ್ರು ಫಾಕ್ಸ್‌ಗ್ಲವ್ ಹೇಳುವ ಹೂಗಿನ ಸೆಸಿಂದ ಹೃದಯದ ಕಾಯಿಲೆಗೆ ಮದ್ದು ಕೊಡ್ಲಕ್ಕು ಹೇಳಿ ಪುಸ್ತಕ ಬರದವು. ಅದೇ ಜಾತಿಯ ಸೆಸಿಂದ ಬಂದದು ಡಿಗಾಕ್ಸಿನ್ ಮಾತ್ರೆ. ನಮ್ಮ ಮನೆಗಳಲ್ಲಿ ಹೆರಿಯೋರು ಕೆಲವು ಜೆನ ಅದರ ತೆಕ್ಕೊಂಬದು ಇಕ್ಕು. ಅಳತೆ ತಪ್ಪಿರೆ ಅದೇ ಮಾತ್ರೆ ವಿಷ. ಕರವೀರಲ್ಲಿ ಇಪ್ಪದುದೆ ಅದೇ ನಮೂನೆದು, ಕೆಂಪು, ಬಿಳಿಯದ್ದರಲ್ಲಿಯುದೆ, ಹಳದಿಯದ್ದರಲ್ಲಿಯುದೆ. ಹೊಟ್ಟೆಗೆ ಹೋದರೆ ಕಾರುದು, ಹೊಟ್ಟೆಬೇನೆ, ತಲೆ ತಿರುಗುದು, ಮತ್ತೆ ಹೃದಯದ ಬಡಿತವೇ ತಪ್ಪುದು. ಎಲೆ, ಹೂಗು, ಬೇರು, ಹಾಲು ಎಲ್ಲದರಲ್ಲಿಯೂ ವಿಷ ಇದ್ದು. ಹಳದಿಯದ್ದರ ಬೀಜಲ್ಲಿ ಎಲ್ಲದರಿಂದ ಹೆಚ್ಚು. ಒಣಗಿರೂ ಹೋವುತ್ತಿಲ್ಲೆ, ಬೇಶಿರೂ ಹೋವುತ್ತು ಹೇಳಿ ನಂಬುಲಾಗ.

ಶ್ರೀಲಂಕಲ್ಲಿ ಈ ಬೀಜದ ವಿಷ ಏರಿದ ರೋಗಿಗೊ ವರ್ಷಕ್ಕೆ ಸಾವಿರಗಟ್ಲೆ ಆಸ್ಪತ್ರೆಗೆ ಬತ್ತವು. ಡಿಗಾಕ್ಸಿನ್ನಿಂಗೆ ಇಪ್ಪ ಪ್ರತಿವಿಷ ಇದಕ್ಕೂ ಕೆಲಸ ಮಾಡ್ತು ಹೇಳಿ ಅಲ್ಲಿಯಾಣ ಡಾಕ್ಟ್ರಕ್ಕೊ ಪರೀಕ್ಷೆ ಮಾಡಿ ತೋರುಸಿದವು. ಅದು 2000ಲ್ಲಿ ಪ್ರಕಟ ಆತು. ಹಾಂಗಾಗಿ ಚಿಕಿತ್ಸೆ ಇದ್ದು. ಆದರೆ ಆ ಮದ್ದಿಂಗೆ ಪೈಸೆ ಜಾಸ್ತಿ, ಎಲ್ಲಾ ಆಸ್ಪತ್ರೆಲಿ ಸಿಕ್ಕ.

ನೆಡುದು, ನೋಡಿಗೊಂಬದು

ಇಷ್ಟೆಲ್ಲ ಹೇಳಿದ ಮತ್ತೆ ನೆಡುವ ಕ್ರಮ ಎಂತಕೆ ಹೇಳುಗು ಕೆಲವು ಜೆನ. ಬೆಳೆಶುಲೆ ಇಷ್ಟು ಸುಲಭದ ಹೂಗಿನ ಸೆಸಿ ಬೇರೆ ಕಮ್ಮಿ. ದನ ಮುಟ್ಟುತ್ತಿಲ್ಲೆ, ಆಡು ಮುಟ್ಟುತ್ತಿಲ್ಲೆ. ಹಾಂಗಾಗಿಯೇ ಮದಲಾಣೋರು ಬೇಲಿಕರೆಂಗೆ ಇದರ ನೆಟ್ಟದು.

ಪತ್ತನಾಜೆ ಕಳುದು ಸುರುವಾಣ ಮಳೆ ಬಿದ್ದಪ್ಪಗ ಬಲುದ ಗೆಲ್ಲಿನ ಒಂದು ಮೊಳ ಉದ್ದಕ್ಕೆ ಕಡುದು, ಹಾಲು ಒಣಗುಲೆ ಒಂದು ದಿನ ನೆರಳಿಲಿ ಮಡುಗಿ. ಕೊಡಿಯ ನಾಲ್ಕು ಎಲೆ ಬಿಟ್ಟು ಒಳುದ್ದರ ತೆಗದು ನೆಡಿ. ಬೀಜಂದಲೂ ಬತ್ತು. ಚಿಪ್ಪು ಗಟ್ಟಿ ಇಪ್ಪ ಕಾರಣ ಮೊಳಕ್ಕೆ ಬಪ್ಪಲೆ ಕೆಲವು ವಾರ ತೆಕ್ಕೊಳ್ತು. ಹಳೆ ಗೆಡುವಿನ ಬುಡಲ್ಲಿ ಬಿದ್ದ ಬೀಜ ಹುಟ್ಟಿದ ಸೆಸಿಗಳ ಕಿತ್ತು ನೆಡುದು ಎಲ್ಲಕ್ಕಿಂತ ಸುಲಭ.

ಬೆಶಿಲು ಬೇಕು. ನೆರಳಿಲಿ ಬರೀ ಎಲೆ ಆವುತ್ತು, ಹೂಗು ಕಮ್ಮಿ. ನೀರು ನಿಂಬ ಜಾಗೆ ಆಗ, ಬೇರು ಕೊಳೆತ್ತು. ಬೇರು ಹಿಡುದ ಮೇಲೆ ಬೇಸಗೆಲಿ ನೀರು ತಪ್ಪಿರೂ ಸಾಯ್ತಿಲ್ಲೆ. ವರ್ಷಕ್ಕೊಂದರಿ ರಜ್ಜ ಹಟ್ಟಿಗೊಬ್ಬರ ಸಾಕು. ಬಿಟ್ಟರೆ ಹತ್ತು ಹದಿನೈದು ಅಡಿ ಎತ್ತರ ಹೋಕು, ಹೂಗು ಕೈಗೆ ಸಿಕ್ಕ. ಮಳೆ ಬಿಟ್ಟ ಮೇಲೆ ಎದೆಯಷ್ಟು ಎತ್ತರಕ್ಕೆ ಕಡುದರೆ ಹೊಸ ಚಿಗುರಿಲಿ ಹೂಗು ತುಂಬ ಬತ್ತು. ಕಡಿವಗ ಹಾಲು ಕಣ್ಣಿಂಗೆ ಹಾರದ್ದ ಹಾಂಗೆ ನೋಡಿಗೊಳ್ಳಿ. ಕೈಯನ್ನೂ ಕತ್ತಿಯನ್ನೂ ಸಾಬೂನು ಹಾಕಿ ತೊಳೆರಿ.

ಮಡುಗೆಕ್ಕೋ, ಕಡಿಯೆಕ್ಕೋ?

ಎನ್ನ ಕೇಳಿರೆ, ಮನೆಲಿ ಅಂಬೆಕಾಲು ಹಾಕುವ, ಸಿಕ್ಕಿದ್ದರೆಲ್ಲ ಬಾಯಿಗೆ ಹಾಕುವ ಪುಳ್ಳಿಯಕ್ಕೊ ಇದ್ದರೆ ಮೆಟ್ಟುಕಲ್ಲಿನ ಹತ್ತರೆ, ಮಕ್ಕೊ ಆಡುವ ಜಾಲಿಲಿ ಇಪ್ಪ ಸೆಸಿಯ ತೆಗೆರಿ. ಮಕ್ಕೊ ದೊಡ್ಡ ಆದ ಮೇಲೆ ಪುನಾ ನೆಡ್ಲಕ್ಕು, ಗೆಲ್ಲು ನೆರೆಕರೆಲಿ ಸಿಕ್ಕುಗು. ಹಾಂಗಲ್ಲದ್ದೆ ದೂರದ ಬೇಲಿಕರೆಲಿ ಇಪ್ಪದರ ಹೆದರಿ ಕಡಿಯೆಕ್ಕು ಹೇಳಿ ಇಲ್ಲೆ. ಮಡುಗುವೋರು ಇಷ್ಟರ ನೆಂಪು ಮಡಿಕ್ಕೊಳ್ಳಿ:

ಹೂಗು ದೇವರ ಪಾದಕ್ಕೆ ಹಾಕುಲಕ್ಕು. ಆದರೆ ನೈವೇದ್ಯದ ಪಾತ್ರದ ಮೇಲೆ, ಹಾಲಿಂಗೆ, ಪಂಚಾಮೃತಕ್ಕೆ, ತೀರ್ಥಕ್ಕೆ ಹಾಕುಲಾಗ. ಅಲ್ಲಿಗೆ ತೊಳಶಿ, ಕೇಪುಳ ಸಾಕು. ಹೂಗು ಕೊಯ್ದ ಕೈ ತೊಳೆಯದ್ದೆ ಅಡಿಗೆಗೆ ಹೋಪಲಾಗ.

ಕೇಪುಳದ ಜೇನು ಚೀಪಿ ಅಭ್ಯಾಸ ಆದ ಮಕ್ಕೊ ಕರವೀರವನ್ನೂ ಹಾಂಗೇ ಚೀಪುಗು. ಇದು ಆಗ ಹೇಳಿ ಎರಡುದೆ ಹೂಗಿನ ತೋರುಸಿ ಹೇಳಿಕೊಡಿ. ಬಿದ್ದ ಕಾಯಿಗಳ ಗೋಲಿ ಆಡ್ಲೆ ಬಿಡೆಡಿ, ವಾರಕ್ಕೊಂದರಿ ಹೆರ್ಕಿ 

ಗುಂಡಿ ತೆಗದು ಹುಗುರಿ.

ಹಸಿ ಸೊಪ್ಪಿನ ದನ ಮುಟ್ಟದ್ರೂ ಬಾಡಿದ್ದು, ಹುಲ್ಲಿನ ಒಟ್ಟಿಂಗೆ ಸೇರಿದ್ದು ಹೊಟ್ಟೆಗೆ ಹೋಕು. ಹಟ್ಟಿಗೆ ಹಾಕುವ ಸೊಪ್ಪಿಲಿ ಕರವೀರದ ಗೆಲ್ಲು ಸೇರುಲಾಗ. ಬಾವಿ ಕಟ್ಟೆಯ ಹತ್ತರೆ, ದನಂಗೊ ನೀರು ಕುಡಿವಲ್ಲಿ ನೆಡ್ಲಾಗ. ಒಣಗಿದ ಗೆಲ್ಲಿನ ಸೌದಿ ಮಾಡಿ ಒಲೆಗೆ ಹಾಕೆಡಿ, ಹೊಗೆಯುದೆ ಒಳ್ಳೆದಲ್ಲ.

ಆರ ಬಾಯಿಗಾದರೂ ಹೋದರೆ ಮನೆಮದ್ದು ಬೇಡ. ಉಪ್ಪುನೀರು ಕುಡುಶಿ ಕಾರುಸುದುದೆ ಬೇಡ. ಆ ಗೆಲ್ಲಿನ ಒಂದು ತುಂಡು, ಹೂಗು ಸಮೇತ, ಪ್ಲಾಸ್ಟಿಕ್ಕಿಲಿ ಹಾಕಿ ಒಟ್ಟಿಂಗೆ ತೆಕ್ಕೊಂಡು ದೊಡ್ಡ ಆಸ್ಪತ್ರೆಗೆ ಹೋಯೆಕ್ಕು. ಈಗ ಎಂತ ಆಯಿದಿಲ್ಲೆ ಹೇಳಿ ಕೂಪಲಾಗ, ಹೃದಯದ ತೊಂದರೆ ತಡವಾಗಿಯೂ ಬಕ್ಕು.

ನಮ್ಮ ಅಜ್ಜಿಯಕ್ಕೊ ದೇವರಿಂಗೆ ಹಾಕಿದ್ದು ತಪ್ಪೋ ಹೇಳಿ ಕೇಳಿದ್ದಕ್ಕೆ ಉತ್ತರ: ತಪ್ಪಲ್ಲ. ಅವು ಹೂಗಿನ ದೇವರ ತಲೆಲಿಯೂ ಸೆಸಿಯ ಬೇಲಿಕರೆಲಿಯೂ ಮಡಗಿದವು. ಶಿವಂಗೆ ವಿಷದ ಭಯ ಇಲ್ಲೆ, ಅವ° ಕುಡುದು ಅರಗಿಸಿಗೊಂಡವ°. ನಾವು ಹಾಂಗಲ್ಲ. ಅವಂಗೆ ಕೊಡುವದರ ಅವಂಗೆ ಕೊಡುವೊ°, ನಮ್ಮ ಬಟ್ಳಿಂಗೆ ಬಾರದ್ದ ಹಾಂಗೆ ನೋಡಿಗೊಂಬೊ°.

ನಿಂಗಳ ಹೊಡೆಲಿ ಕರವೀರಕ್ಕೆ ಬೇರೆ ಎಂತಾರು ಹೆಸರು ಇದ್ದರೆ ಎನಗೆ ತಿಳುಶಿ. ಬಿಳಿ ಹೂಗಿನ ಗೆಲ್ಲು ಆರಿಂಗಾದರೂ ಬೇಕಾರೆ ಮಳೆ ಸುರು ಅಪ್ಪ ಮದಲು ಹೇಳಿ, ತೆಗದು ಮಡುಗುತ್ತೆ.